ಮಳೆಗಾಗದ ಕೊಡೆ

ಕೊಡೆ ಅಂಗಡಿಯಿಂದ,
ಭಾನುವಾರ, ಬೆಳಗ್ಗೆ

ಪ್ರೀತಿಯ ತಲೆಹರಟೆಗೆ ತಾತ ಮಾಡುವ ಆಶೀರ್ವಾದ.

ಹೇಗಿದ್ದೀಯ? ತಲೆನೋವು ಇಳಿಯಿತಾ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ, ಇಲ್ಲ ತಟ್ಟೆ ಪಕ್ಕಕ್ಕೆ ತಳ್ಳಿ ಅಮ್ಮನ ಹತ್ತಿರ ಬೈಸಿಕೊಳ್ಳುತ್ತಿದ್ದೀಯಾ? ಮಲಗಿ ಮಲಗಿ ಬೆನ್ನು ಹಿಡಿದುಕೊಳ್ಳುತ್ತದೆ, ಆಗಾಗ ಮಗ್ಗುಲು ಬದಲಿಸು. ಇದನ್ನು ಓದಿ ಹೇಳುತ್ತಿರುವ ನರ್ಸಮ್ಮನಿಗೂ ನಮಸ್ಕಾರ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಗೊತ್ತು. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರ ಜೊತೆ ಜಗಳ ಆಡಿ ಸ್ಲೇಟು ಎಸೆದು ಬಂದವನ ಅಕ್ಷರ ಇನ್ನು ಹೇಗಿರುತ್ತದೆ? ನಿಧಾನವಾಗಿ ಓದು ತಾಯಿ, ಆದರೆ ಒಂದು ಸಾಲೂ ನುಂಗಬೇಡ. ಫೋನಿನಲ್ಲಿ ಮಾತಾಡೋಣವೆಂದರೆ ನನ್ನ ಕಿವಿ ಯಾವತ್ತೋ ಕೈಕೊಟ್ಟಿದೆ. ನಾನು ಕಿರುಚುತ್ತೇನೆ, ನಿನ್ನಪ್ಪ ನಡುವೆ ಫೋನು ಕಿತ್ತುಕೊಂಡು "ಆಮೇಲೆ ಮಾಡ್ತೀನಿ, ಇಡಪ್ಪ" ಅನ್ನುತ್ತಾನೆ. ಆ ಆಮೇಲೆ ಇನ್ನೂ ಬಂದಿಲ್ಲ.

ಬುಧವಾರ ನಿನ್ನ ಕಣ್ಣಿನ ಪಟ್ಟಿ ಬಿಚ್ಚುತ್ತಾರಂತೆ. ಕಣ್ಣಿನ ವಿಷಯ ಮಾತ್ರ ಎತ್ತಬೇಡ ಎಂದು ನಿನ್ನಪ್ಪನ ಅಪ್ಪಣೆಯಾಗಿದೆ. ನಾನು ಎತ್ತಿ ಆಡಿಸಿದವನು ಈಗ ನನ್ನ ಬಾಯಿಗೆ ಬೀಗ ಹಾಕುತ್ತಾನೆ. ಸರಿ, ಎತ್ತುವುದಿಲ್ಲ. ನೀನು ಕೇಳಿ ಕಳಿಸಿದ ಕೊಡೆಯ ವಿಷಯ ಬರೆಯುತ್ತೇನೆ.

ಕಾಲೇಜಿನಿಂದ ಬಂದವಳು ಅಂಗಡಿಯ ಸ್ಟೂಲಿನ ಮೇಲೆ ಕೂತು, "ತಾತ, ನಾನೂ ನಿನ್ನ ಹಾಗೆ ಕೊಡೆ ಹಿಂದೆ ಬಿದ್ದಿದ್ದೀನಿ" ಎಂದು ನೀನು ಹೇಳಿದಾಗ ನನ್ನ ಎದೆ ಎಷ್ಟು ಉಬ್ಬಿತು ಅಂತೀಯ. ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆ, ನಮ್ಮ ಮೊಮ್ಮಗಳು ಕೊಡೆ ಮೇಲೆ ದೊಡ್ಡ ಓದು ಓದುತ್ತಿದ್ದಾಳೆ ಅಂತ. ಎದುರಂಗಡಿ ಟೈಲರ್ ಆಗಲೇ ಕೇಳಿದ, "ಹಿಡಿಕೆ ಮುರಿದರೆ ಅವಳ ಹತ್ತಿರ ತರಲಾ, ನಿನ್ನ ಹತ್ತಿರ ತರಲಾ?" ಆಮೇಲೆ ತಾನೇ ಗೊತ್ತಾದದ್ದು, ನಿನ್ನ ಕೊಡೆ ಗಣಿತದ ಲೆಕ್ಕದವರು ಕಾಗದದ ಮೇಲೆ ಬರೆಯುವ ಕೊಡೆ, ಅದರ ಕೆಳಗೆ ಒಂದು ಇರುವೆಯೂ ನೆನೆಯದೆ ನಿಲ್ಲಲಾರದು ಅಂತ. ನುಣುಪಾದ ಮೈಯೊಂದು ತನ್ನೊಳಗೆ ತಾನೇ ತೂರಿಕೊಂಡು ಹೋಗುತ್ತದೆ, ತೂರುವ ಗೆರೆ ಒಂದು ಕಡೆ ಮುಗಿಯುತ್ತದೆ, ಮುಗಿಯುವ ಜಾಗವೇ ವಿಲಕ್ಷಣ ಬಿಂದು, ಅಂದೆ ನೀನು. ಮನೆಯಲ್ಲಿ ವಿಲಕ್ಷಣ ಅಂತ ನಾನೊಬ್ಬ ಸಾಲದಾ ಎಂದು ನಾನು ರೇಗಿದೆ. ನೀನು ನಕ್ಕು, ನನ್ನ ತೊಡೆಯ ಮೇಲಿದ್ದ ಕೊಡೆಬಟ್ಟೆಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು, "ಚಿವುಟಿದ ಜಾಗ ಅಂದ್ಕೋ ತಾತ, ಸಾಕು" ಅಂದೆ. ಬೇರೆ ಎಲ್ಲಿಯಾದರೂ ಸಣ್ಣ ರಟ್ಟಿನ ಚೂರು ತಂದು ಮೈಗೆ ಒರಗಿಸಿದರೆ ಸರಿಯಾಗಿ ಕೂರುತ್ತದೆ, ಅಲ್ಲಿ ಮಾತ್ರ ಹೇಗೆ ಹಿಡಿದರೂ ಕೂರುವುದಿಲ್ಲ ಅಂತಲೂ ಹೇಳಿದೆ. ಇಸ್ತ್ರಿ ಹಾಕಿ ತೆಗೆದರಾಯಿತು ಅಂದೆ ನಾನು. ಹೋಗಲ್ಲ ತಾತ, ಸ್ವಲ್ಪ ಅಲುಗಿಸಿದರೆ ಪಕ್ಕಕ್ಕೆ ಸರಿಯುತ್ತದೆ ಅಷ್ಟೇ, ಅಂದೆ. ಆಗ ನನಗೆ ಅದು ಬರೀ ಮಾತಾಗಿತ್ತು.

ಹೋದ ವಾರ ನಿನ್ನಪ್ಪನ ಬಾಯಲ್ಲಿ ಹೇಳಿ ಕಳಿಸಿದೆಯಲ್ಲ, ಆ ಕೊಡೆಯನ್ನು ಬೆರಳಿಗೆ ಸಿಗುವ ಹಾಗೆ ಮಾಡಿ ಕಳಿಸು ಅಂತ, ಅವತ್ತಿನಿಂದ ಗಿರಾಕಿಗಳ ಕೊಡೆಗಳೆಲ್ಲ ಮೂಲೆ ಸೇರಿವೆ. ಮೊದಲು ಬಟ್ಟೆಯಲ್ಲಿ ನೋಡಿದೆ. ಬಟ್ಟೆಯ ಒಳಗೆ ಬಟ್ಟೆ ತೂರಬೇಕು ಎಂದು ಟೈಲರ್‌ಗೆ ವಿವರಿಸಿದರೆ ಆ ಬಡ್ಡಿಮಗ, "ಮೊದಲು ನೀನು ಈ ಗೋಡೆಯೊಳಗೆ ತೂರಿ ತೋರಿಸು, ಆಮೇಲೆ ನಾನು ಹೊಲಿಯುತ್ತೇನೆ" ಅಂದ. ಕತ್ತರಿಸಿ ತೂರಿಸಿ ಅವನೇ ಹೊಲಿದೂ ಕೊಟ್ಟ ಅನ್ನು. ಕಣ್ಣು ಮುಚ್ಚಿ ಸವರಿದೆ. ಬೆರಳಿಗೆ ಸಿಕ್ಕಿದ್ದು ಬರೀ ಹೊಲಿಗೆ. ಇರಬಾರದ ಕಡೆ ಗಂಟು, ಇರಬೇಕಾದ ಕಡೆ ಏನೂ ಇಲ್ಲ. ಸಿಟ್ಟು ಬಂದು ಕಸದ ಬುಟ್ಟಿಗೆ ಎಸೆದೆ. ತಗಡಿನಲ್ಲಿ ಮಾಡಿದೆ, ಅಂಚು ಕೈ ಕೊಯ್ದಿತು, ಅದನ್ನು ನಿನ್ನ ಕೈಗೆ ಕೊಡುವುದುಂಟೇ? ಎಸೆದೆ.

ಕೊನೆಗೆ ಕಡ್ಡಿಯಲ್ಲಿ ಮಾಡಿದ್ದೇನೆ. ಹಳೆ ಕೊಡೆಯ ಕೋಲು ನಿಲ್ಲಿಸಿ, ಬುಡದಲ್ಲಿ ಒಂದೇ ಕಡ್ಡಿ ಅಡ್ಡಲಾಗಿ ತೂರಿಸಿದೆ. ಅದರ ಮೇಲೆ ಕತ್ತರಿ ಬಾಯಿ ತೆರೆದ ಹಾಗೆ ಎರಡೆರಡು ಕಡ್ಡಿ, ಮೇಲೆ ಹೋದಂತೆ ಇನ್ನಷ್ಟು ಅಗಲ. ನೀನು ಕಾಗದದಲ್ಲಿ ಬರೆದು ತೋರಿಸಿದ್ದು ಹೀಗೇ ಇತ್ತು ಎಂದು ನನ್ನ ನೆನಪು. ಆದರೆ ಕಡ್ಡಿ ಕಡ್ಡಿಯ ನಡುವೆ ಸಂದಿ ಇದೆ, ಬೆರಳು ಜಾರುತ್ತದೆ. ನಿನ್ನದರಲ್ಲಿ ಸಂದಿಯೇ ಇಲ್ಲವಲ್ಲ. ಇದು ಸರಿಯೋ ತಪ್ಪೋ ಯಾರನ್ನು ಕೇಳಲಿ? ಈ ಬೀದಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಗೊತ್ತಿರುವವಳು ನೀನೊಬ್ಬಳು, ನಿನಗೆ ತೋರಿಸಿ ಕೇಳೋಣವೆಂದರೆ... ಹೋಗಲಿ ಬಿಡು. ಬಾಗಿಲ ಮುಂದೆ ಇಟ್ಟುಕೊಂಡು ಅದರ ಮುಖ ನೋಡುತ್ತ ಕೂತಿದ್ದೇನೆ. ಮುರಿದದ್ದು ಏನೇ ತಂದರೂ ಕೈಗೆ ತಗೊಂಡ ಕೂಡಲೇ ಎಲ್ಲಿ ಹಿಡಿಯಬೇಕು ಎಂದು ನನಗೆ ತಿಳಿಯುತ್ತಿತ್ತು. ಇದನ್ನು ಎಲ್ಲಿ ಹಿಡಿಯಲಿ, ತಿಳಿಯುತ್ತಿಲ್ಲ.

ನಾಳೆ ನಿಮ್ಮ ಕಡೆ ಹೊರಡುವ ಲಾರಿ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಕಡ್ಡಿಯ ತುದಿಗಳನ್ನೆಲ್ಲ ಉಜ್ಜಿ ಮೇಣ ಹಚ್ಚಿದ್ದೇನೆ, ಚುಚ್ಚುವುದಿಲ್ಲ. ತಪ್ಪಿದ್ದರೆ ಮುಲಾಜಿಲ್ಲದೆ ಹೇಳು, ಬಿಚ್ಚಿ ಮತ್ತೆ ಮಾಡುತ್ತೇನೆ. ತಾತ ನೊಂದುಕೊಳ್ಳುತ್ತಾನೆ ಎಂದು ಚೆನ್ನಾಗಿದೆ ಅಂದರೆ ಕಿವಿ ಹಿಂಡುತ್ತೇನೆ. ಅಮ್ಮನಿಗೆ ಹೊತ್ತಿಗೆ ಸರಿಯಾಗಿ ಮಲಗಲು ಹೇಳು. ನಿನ್ನಪ್ಪನಿಗೆ ನಾನು ಕೇಳಿದೆ ಅಂತ ಹೇಳು, ಸಿಟ್ಟು ಇಲ್ಲ. ನೂರು ಕಾಲ ಚೆನ್ನಾಗಿ ಬಾಳು, ಮಗಳೇ.

ನಿನ್ನ,
ಸಿಡುಕು ತಾತ

ಮರೆತೆ. ಮರೆತದ್ದಲ್ಲ, ಸುಳ್ಳು ಯಾಕೆ. ಬುಧವಾರ ಕಾಣುತ್ತದೆ ಎಂದು ನಂಬಿದವಳು ಬೆರಳಿಗೆ ಸಿಗುವ ಕೊಡೆ ಕೇಳುವುದಿಲ್ಲ. ಹಾಗಾದರೆ ನಿನಗೆ ಗೊತ್ತಿದೆ. ಡಾಕ್ಟರು ನಿನ್ನ ಅಪ್ಪ ಅಮ್ಮನಿಗೂ ಹೇಳಿದ್ದಾರೆ, ನರವೇ ಹೋಗಿದೆಯಂತೆ, ಪಟ್ಟಿ ಬಿಚ್ಚಿದರೂ ಅಷ್ಟೇ. ಅವರು ನಿನ್ನಿಂದ ಮುಚ್ಚಿಡುತ್ತಿದ್ದಾರೆ, ನೀನು ಅವರಿಂದ. ಅಕ್ಕಪಕ್ಕ ಕೂತು ಮೂರು ಜನ ಹೀಗೆ ಒಬ್ಬೊಬ್ಬರೇ ಅಳುವುದು ಬೇಡ. ಬುಧವಾರಕ್ಕೆ ಮೊದಲು ನೀನೇ ಬಾಯಿ ಬಿಡು, ಅವರ ಕೈಲಿ ಆಗುವುದಿಲ್ಲ. ನನ್ನ ಕೈಲಿ ಮಾತ್ರ ಎಲ್ಲಿ ಆಯಿತು, ಸಹಿ ಹಾಕಿ ಇಷ್ಟು ಕೆಳಗೆ ಬಂದು ಬರೆಯುತ್ತಿದ್ದೇನೆ.