ಅಮಾವಾಸ್ಯೆಯ ತಂಬಿಗೆ ನೀರು

ಸಾಸ್ತೂರ, ಅಮಾವಾಸ್ಯೆ

ಉಮರ್ಗಾದ ಗ್ಯಾರೇಜಿನ ನೀಲಕಂಠಣ್ಣನವರಿಗೆ ಶೈಲಶ್ರೀಯ ಶರಣು.

ನಮ್ಮ ಹಳೆಯ ಪಿಕಪ್ಪಿನ ಬ್ಯಾಟರಿ ದೀಪ ಮತ್ತೆ ಕೆಂಪಗೆ ಉರಿಯುತ್ತಿದೆ. ನೀವು ಹೊಸ ಬ್ಯಾಟರಿ ಹಾಕಿಕೊಟ್ಟರೂ ಚಾರ್ಜ್ ಏರುತ್ತಿಲ್ಲ. ಈ ಸಲ ಡೈನಮೊ ಬಿಚ್ಚಿ ನೋಡಿರಿ, ನೀರು ಹೋಗಿರಬೇಕು. ಮಾವನವರು ಪ್ರತಿ ಅಮಾವಾಸ್ಯೆಗೆ ಬಾನೆಟ್ ಎತ್ತಿ, ಅಭಿಷೇಕದ ನೀರನ್ನು ತಂಬಿಗೆಗಟ್ಟಲೆ ಇಂಜಿನ್ನಿನ ಮೇಲೆ ಸುರಿಯುತ್ತಾರೆ. ಇವತ್ತೂ ಸುರಿದರು. "ದೇವರ ನೀರಿಂದ ಗಾಡಿ ಕೆಡ್ತದೇನವ್ವಾ?" ಎನ್ನುತ್ತಾರೆ. ಮಠದ ಪೂಜೆ ಮಾಡುವವರಿಗೆ ಸೊಸೆ ಏನು ಹೇಳಬೇಕು? ಬಿಲ್ವಪತ್ರೆಯಿಂದ ಚಿಮುಕಿಸಿದರೆ ಸಾಕೆಂದು ನೀವೇ ಹೇಳಿರಿ. ನನ್ನ ಹೆಸರು ಬೇಡ.

ನಮ್ಮ ಮನೆಯವರದು ಇನ್ನೊಂದು ಹಟ. "ಲೈಟ್ ಹಚ್ಚಿದ್ರ ಬ್ಯಾಟರಿ ಇಳೀತದ, ನಡುದಾರ್ಯಾಗ ಬಂದ್ ಬೀಳ್ತದ" ಎಂದು ಕತ್ತಲಾದರೂ ಹೈವೇಯಲ್ಲಿ ಲೈಟ್ ಹಚ್ಚದೆ ಓಡಿಸುತ್ತಾರೆ. ಹೋದ ವಾರ ನಾನೂ ಪಕ್ಕದಲ್ಲಿ ಕೂತಿದ್ದೆ. ಎದುರಿನ ಲಾರಿಯವನಿಗೆ ನಾವು ಕಾಣಲೇ ಇಲ್ಲ. ಅವನ ಹಾರ್ನ್ ಇನ್ನೂ ಕಿವಿಯಲ್ಲಿದೆ.

ಗಾಡಿ ತೋರಿಸಲು ಈಗ ಹೊರಟಿದ್ದಾರೆ. ಬೆಳಿಗ್ಗೆ ಹೋಗಿರಿ ಎಂದರೆ ಕೇಳಲಿಲ್ಲ. ಹೊತ್ತು ಮುಳುಗುತ್ತಿದೆ. ಮಾವನವರ ಎದುರು ಫೋನಿನಲ್ಲಿ ಇದನ್ನೆಲ್ಲ ಹೇಳಲಾರೆ, ಅದಕ್ಕೇ ಬರೆದು, ಲಕೋಟೆ ಅಂಟಿಸಿ ನಮ್ಮ ಮನೆಯವರ ಕೈಯಲ್ಲೇ ಕಳಿಸುತ್ತಿದ್ದೇನೆ.

ಡೈನಮೊ ಆಮೇಲೆ ನೋಡಿರಿ. ಮೊದಲು ನನಗೊಂದು ಮಿಸ್ ಕಾಲ್ ಕೊಡಿರಿ. ಈ ಪತ್ರ ನಿಮ್ಮ ಕೈ ಸೇರಿದರೆ ಅವರೂ ಸೇರಿದ ಹಾಗೆ.

ನಿಮ್ಮ ತಂಗಿ,
ಶೈಲಶ್ರೀ