ಎಪ್ಪತ್ತಾರು ಡಿಗ್ರಿಗೆ ಇಟ್ಟ ಅಲಾರಂ

ಹ್ಯಾಚರಿ ಶೆಡ್ಡು, ಒಳಗಿನ ಬೆಂಚು
ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ವೆಲ್ಡಿಂಗ್ ಕಿಡಿಗೆ ಕಣ್ಣು ಉರಿಯುತ್ತದೆ ಅಂದಿದ್ದಿರಿ, ಕಡಿಮೆಯಾಯಿತೇ? ಹೊಸ ಕನ್ನಡಕ ಕೊಟ್ಟರೋ, ಇನ್ನೂ ನಾಳೆ ನಾಳೆ ಅಂತ ತಳ್ಳುತ್ತಿದ್ದಾರೋ? ಹೊತ್ತಿಗೆ ಸರಿಯಾಗಿ ಊಟ ಮಾಡಿ. ಇಲ್ಲಿ ನಾನೂ ಅತ್ತೆಯೂ ಗುಂಡುಕಲ್ಲಿನ ಹಾಗಿದ್ದೇವೆ. ಫೋನಿರುವಾಗ ಕಾಗದ ಯಾಕೆ ಅಂತ ಹುಬ್ಬು ಗಂಟಿಕ್ಕಬೇಡಿ. ಫೋನಿನಲ್ಲಿ ಹ್ಯಾಚರಿ ಮಾತೆತ್ತಿದ ತಕ್ಷಣ ನಿಮಗೆ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ಸೌಕರ್ಯವಿಲ್ಲ.

ಕೋಳಿಮರಿಗಳು ಬಂದವು ರೀ! ಅದೇ ಶೆಡ್ಡು, ಅದೇ ಇನ್‌ಕ್ಯುಬೇಟರ್. ಹತ್ತು ಮೊಟ್ಟೆಗೆ ಎಂಟರ ಲೆಕ್ಕದಲ್ಲಿ ಮರಿಯಾಗಿವೆ. ನಾನು ಬರೆಯುತ್ತಿರುವ ಈ ಬೆಂಚಿನ ಕೆಳಗೇ ಚಿಂವ್ ಚಿಂವ್ ಅಂತ ಸಂತೆ ನಡೆದಿದೆ, ಅಕ್ಷರ ಸೊಟ್ಟಗಾದರೆ ಅವುಗಳನ್ನೇ ಬೈಯಿರಿ.

ಹೋದ ಸಲ ಒಂದು ಮರಿಯೂ ಬರದಿದ್ದಾಗ ನೀವು ಎರಡು ದಿನ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ "ನನ್ನ ಕೈಗುಣಾನೇ ಸರಿಯಿಲ್ಲ ಬಿಡು" ಅಂದು, ಚೀಲ ಹೆಗಲಿಗೇರಿಸಿ ಆ ಬಾಯ್ಲರ್ ಕಾರ್ಖಾನೆಗೆ ಹೊರಟೇಬಿಟ್ಟಿರಿ. ಆ ಮಾತು ಇಷ್ಟು ದಿನ ನನ್ನೆದೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಈಗ ನಿಜ ಏನು ಅಂತ ಹೇಳುತ್ತೇನೆ, ಕೂತು ಓದಿ.

ಈ ಸಲ ನಾನು ಮೊಟ್ಟೆ ತರಿಸಿದಾಗ ಅತ್ತೆ, ಶಾಖ ಹೆಚ್ಚಾದರೆ ಅಲಾರಂ ಕೂಗಿಸುವ ಆ ಕಂಟ್ರೋಲರ್ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಬೊಗಳುತ್ತೋ ಇಲ್ವೋ ಗೊತ್ತಿಲ್ಲದ ನಾಯೀನ ಯಾರಾದ್ರೂ ಕಾವಲಿಗೆ ಇಡ್ತಾರೇನೇ? ಮೊದಲು ಕೆಣಕಿ ನೋಡು" ಅಂದರು. ಸರಿ, ಶಾಖ ಅಳೆಯುವ ಸೆನ್ಸರ್ ವೈರನ್ನು ಹೊರಗೆಳೆದು ಬಿಸಿನೀರಿನ ಲೋಟದಲ್ಲಿ ಅದ್ದಿದೆ. ನಲವತ್ತು, ಐವತ್ತು, ಅರವತ್ತು ಅಂತ ಅಂಕಿ ಏರುತ್ತಲೇ ಹೋಯಿತು, ಅಲಾರಂ ಮಾತ್ರ ತುಟಿಪಿಟಕ್ಕೆನ್ನಲಿಲ್ಲ! ಪ್ಯಾನೆಲ್ ರಿಪೇರಿಯವನನ್ನು ಕರೆಸಿದೆ. ಅವನು ಬಟನ್ ಒತ್ತಿ ಒಳಗಿಟ್ಟ ಅಂಕಿ ನೋಡಿದವನೇ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕಾ, ಇದಕ್ಕೆ ಎಷ್ಟು ಡಿಗ್ರಿಗೆ ಕೂಗಬೇಕು ಅಂತ ಅಲ್ಲ, ಎಷ್ಟು ಡಿಗ್ರಿ ಜಾಸ್ತಿ ಆದ್ರೆ ಕೂಗಬೇಕು ಅಂತ ಹೇಳ್ಬೇಕು" ಅಂದ. ಮೊಟ್ಟೆಗೆ ಬೇಕಾದದ್ದು ಮೂವತ್ತೇಳೂವರೆ. ಒಂದು ಡಿಗ್ರಿ ಹೆಚ್ಚಾದರೆ ಕೂಗಲಿ ಅಂತ ನೀವು ಜಾಣತನದಿಂದ ಮೂವತ್ತೆಂಟೂವರೆ ಅಂತ ಒತ್ತಿದ್ದೀರಿ. ಅದು ಪಾಪ ಎರಡನ್ನೂ ಕೂಡಿಸಿಕೊಂಡು ಎಪ್ಪತ್ತಾರಕ್ಕೆ ಕಾಯುತ್ತಾ ಕೂತಿತ್ತು. ಅಷ್ಟು ಹೊತ್ತಿಗೆ ಮೊಟ್ಟೆ ಬೆಂದು, ಉಪ್ಪು ಮೆಣಸು ಹಾಕಿಕೊಂಡು ತಿನ್ನಬಹುದಿತ್ತು! ಆ ಜಾಗದಲ್ಲಿ ಬರೀ ಒಂದು ಅಂತ ಒತ್ತಿದೆ. ಮತ್ತೆ ಲೋಟದಲ್ಲಿ ಅದ್ದಿದಾಗ ಅದು ಕಿರುಚಿದ ರಭಸಕ್ಕೆ ಅತ್ತೆ ಕೈಯಲ್ಲಿದ್ದ ತಟ್ಟೆ ಬಿತ್ತು.

ಮರಿ ಬರುವುದಕ್ಕೆ ನಾಲ್ಕೈದು ದಿನವಿತ್ತು. ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದೆ, ಅಲಾರಂ ಕೂಗಿತು. ಓಡಿದೆ. ನಿಮ್ಮಮ್ಮ ಸ್ನಾನದ ಮಧ್ಯದಿಂದಲೇ ಸೀರೆ ಸುತ್ತಿಕೊಂಡು, ತಲೆಯ ಮೇಲೆ ಸೋಪಿನ ನೊರೆ ಹೊತ್ತು ಬಂದರು. ಹೀಟರ್ ಆಫ್ ಆಗಬೇಕಾದದ್ದು ಆಗದೆ ಸಿಕ್ಕಿಕೊಂಡು ಒಂದೇ ಸಮನೆ ಕಾಯುತ್ತಿತ್ತು. ಮೇನ್ ಸ್ವಿಚ್ ತೆಗೆದರೆ ಫ್ಯಾನೂ ನಿಲ್ಲುತ್ತದೆಂದು ಹೀಟರಿನ ಸ್ವಿಚ್ ಮಾತ್ರ ಆರಿಸಿ, ಗಾಳಿಕಿಂಡಿಗಳನ್ನೆಲ್ಲ ತೆರೆದೆ. ಬಟನ್ ಒತ್ತಿದರೆ ಸದ್ದು ನಿಂತಿತು, ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು. ಹೆದರಿ ಮತ್ತೆ ಮತ್ತೆ ಒತ್ತಿದೆ. ಅತ್ತೆ ನನ್ನ ಕೈ ಹಿಡಿದು, "ಬಾಯಿ ಮುಚ್ಚಿಸಿದ್ರೆ ಆಯ್ತೇನೇ, ಅದರ ಸಿಟ್ಟು ಇಳೀಬೇಡ್ವಾ?" ಅಂದರು. (ನಿಮ್ಮನ್ನು ಸಾಕಿದವರಿಗೆ ಇದೆಲ್ಲ ಹೇಳಿಕೊಡಬೇಕೇ!) ಶಾಖ ಇಳಿದ ಮೇಲೆ ಬಟನ್ ಒತ್ತಿ ಹಿಡಿದೆ, ದೀಪ ಆರಿತು. ಸಂಜೆ ರಿಪೇರಿಯವನು ಹೀಟರನ್ನು ಆನ್ ಆಫ್ ಮಾಡುವ ಹಳೆಯ ರಿಲೇ ಕಿತ್ತು ತೋರಿಸಿದ, ಒಳಗೆ ಸುಟ್ಟು ಕರಕಲಾಗಿತ್ತು. ಅದು ಆಗಾಗ ಅಂಟಿಕೊಳ್ಳುತ್ತದಂತೆ, ತಾನೇ ಬಿಟ್ಟೂ ಬಿಡುತ್ತದಂತೆ. ಹೋದ ಸಲ ನಾವೆಲ್ಲ ಮದುವೆಗೆ ಹೋಗಿದ್ದ ದಿನ ಹಾಗೇ ಆಗಿ ಮೊಟ್ಟೆಗಳು ಕೆಟ್ಟಿರಬೇಕು ಅಂದ. ನಾವು ವಾಪಸು ಬಂದು ನೋಡಿದಾಗ ಅಂಕಿ ಸರಿಯಾಗಿಯೇ ಇತ್ತಲ್ಲ, ಎಪ್ಪತ್ತಾರು ಮುಟ್ಟದ್ದರಿಂದ ಕೆಂಪು ದೀಪವೂ ಹೊತ್ತಿರಲಿಲ್ಲ, ಅದಕ್ಕೇ ನೀವು ನಿಮ್ಮ ಕೈಯನ್ನೇ ಶಪಿಸಿಕೊಂಡಿರಿ.

ಆ ರಿಲೇ ನೋಡಿದಾಗ ನನಗಾದ ಸಂತೋಷ ಮರಿ ನೋಡಿದಾಗಲೂ ಆಗಲಿಲ್ಲ. ಮೊನ್ನೆ ಮೊದಲನೆಯ ಮರಿ ಒದ್ದೆ ತಲೆ ಹೊರಹಾಕಿದಾಗ ನಾನೂ ಅತ್ತೆಯೂ ಒಬ್ಬರನ್ನೊಬ್ಬರು ತಬ್ಬಿಕೊಂಡು ನಕ್ಕೆವು, ಆಮೇಲೆ ಯಾಕೋ ಇಬ್ಬರೂ ಅತ್ತೆವು. ನೀವಿರಬೇಕಿತ್ತು.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ತಲೆಗೂದಲು ಕತ್ತರಿಸಿಕೊಳ್ಳಲು ಹೇಳಿದ್ದಾರೆ. ಕಣ್ಣು ಜೋಪಾನ.

ಇಂತಿ,
ನಿಮ್ಮ ಗಡಿಬಿಡಿ

ತಾ.ಕ.: ತಿಂಗಳ ಕೊನೆಗೆ ಹೊಸ ಮೊಟ್ಟೆಗಳು ಬರುತ್ತವೆ. ಅವನ್ನು ನಾನು ಮುಟ್ಟುವುದಿಲ್ಲ, ಅತ್ತೆಗೂ ಮುಟ್ಟಗೊಡುವುದಿಲ್ಲ, ಟ್ರೇಯಲ್ಲಿ ಜೋಡಿಸುವವರು ನೀವೇ. ನಿಮ್ಮ ಫೋರ್‌ಮನ್‌ಗೆ ನಿನ್ನೆ ನಾನೇ ಫೋನ್ ಮಾಡಿ, ಈ ತಿಂಗಳು ಮುಗಿದ ಮೇಲೆ ಇವರು ಕೆಲಸಕ್ಕೆ ಬರುವುದಿಲ್ಲ ಅಂತ ಹೇಳಿಬಿಟ್ಟಿದ್ದೇನೆ. ಬೈಯುವುದಿದ್ದರೆ ಮನೆಗೆ ಬಂದು ಬೈಯಿರಿ.