ಬಣ್ಣ ಕೂಡಿಸುವ ಪರೀಕ್ಷೆ

ಬುಧವಾರ, ಬೆಳಿಗ್ಗೆ

ಪ್ರೀತಿಯ ಗಿಣಿ,

ಹೇಗಿದ್ದೀಯ? ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ ಎಂದು ಗೊತ್ತು. ಬೇಕಾದಷ್ಟು ಬೈದುಕೋ, ಮನಸ್ಸಿಗೆ ಮಾತ್ರ ಹಚ್ಚಿಕೊಳ್ಳಬೇಡ. ಹೊಲಿಯಲು ತಂದ ಅಂಗಿ ಕಾಲರ್‌ಗಳು ಮನೆ ತುಂಬ ಗುಡ್ಡೆ ಬಿದ್ದಿವೆ, ಅದರಲ್ಲೇ ಮುಳುಗಿದ್ದೆ ಎಂದು ಬರೆಯೋಣ ಅಂದುಕೊಂಡೆ. ಆದರೆ ನಿನ್ನ ಹತ್ತಿರ ನೆಪ ನಡೆಯುವುದಿಲ್ಲ. ನೀನು ಕೇಳಿದ್ದಕ್ಕೆ ಉತ್ತರ ಕೊಡಬೇಕಾದವಳು ನಾನಲ್ಲ, ನನ್ನ ಮಗಳು. ಅವಳು ನನ್ನ ಬಾಯಿಗೆ ಬೀಗ ಹಾಕಿದ್ದಳು. ಇವತ್ತು ಬೆಳಿಗ್ಗೆ ತೆಗೆದಳು, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಇವರ ಆರೋಗ್ಯದ ಸುದ್ದಿ. ಈಗ ಕೋಲಿಲ್ಲದೆ ಮೆಟ್ಟಿಲು ಇಳಿಯುತ್ತಾರೆ, ಹತ್ತುವಾಗ ಮಾತ್ರ ನನ್ನ ಮೇಲೆ ರೇಗುತ್ತಾರೆ. ಅವತ್ತು ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇಲ್ಲ ಎಂದು ತಲೆ ಅಲ್ಲಾಡಿಸಿದವರು, ನೀನು ಒಂದು ಫೋನ್ ಮಾಡಿದ್ದೇ ತಡ, ಗಾಲಿಕುರ್ಚಿ ತಳ್ಳಿಕೊಂಡು ಓಡಿ ಬಂದರಲ್ಲ! ನಿನ್ನ ಋಣ ಈ ಜನ್ಮದಲ್ಲಿ ತೀರುವುದಲ್ಲ. ಇನ್ನೊಂದು ವಿಷಯ ನಿನಗೆ ಹೇಳಿರಲಿಲ್ಲ. ನಮಗಿಂತ ಮೊದಲು ಬಂದ ಒಬ್ಬ ಮುದುಕರು ಹೊರಗೆ ಬೆಂಚಿನ ಮೇಲೆ ಮಲಗಿದ್ದರು. ಅವರಿಗಾಗಿ ಫೋನ್ ಮಾಡುವವರು ಯಾರೂ ಇರಲಿಲ್ಲ. ನನ್ನ ಮಗಳು ಅವರ ಪಕ್ಕದಲ್ಲೇ ಕೂತಿದ್ದಳು. ಅವತ್ತಿನಿಂದ ಅವಳ ತಲೆಯಲ್ಲಿ ಏನೋ ಕೊರೆಯುತ್ತಿತ್ತು ಎಂದು ಈಗ ಅರ್ಥವಾಗುತ್ತಿದೆ.

ನಮ್ಮ ಕಾರ್ಖಾನೆಯ ಕ್ಯಾಂಟೀನ್ ನೆನಪಿದೆಯಾ? ಇಬ್ಬರೂ ಒಂದೇ ದಿನ ಬಟ್ಟೆಗೆ ಬಣ್ಣ ಹಾಕುವ ಕೆಲಸಕ್ಕೆ ಸೇರಿದವರು. ಆಗ ಎಲ್ಲವೂ ಸರ್ಕಾರದ್ದು, ಎಲ್ಲರ ಸಂಬಳವೂ ಹೆಚ್ಚುಕಡಿಮೆ ಒಂದೇ. ನೀನು ತಟ್ಟೆ ಹಿಡಿದುಕೊಂಡು ಸೀದಾ ಕಿಟಕಿ ಪಕ್ಕದ ಮೇಜಿಗೆ ಹೋಗಿ, ನಿರ್ದೇಶಕರ ಎದುರಿಗೇ ಕೂತು ಹರಟುತ್ತಿದ್ದೆ. ನನ್ನನ್ನೂ ಎಷ್ಟು ಸಲ ಕರೆದೆ! ಅಷ್ಟು ದೂರ ಹೋದರೆ ಊಟ ಆರಿಹೋಗುತ್ತದೆಂದು ನಾನು ಅಡುಗೆಮನೆ ಬಾಗಿಲ ಮೇಜು ಬಿಟ್ಟು ಕದಲಲಿಲ್ಲ. ಸರ್ಕಾರ ಕಾರ್ಖಾನೆಯನ್ನು ತುಂಡು ತುಂಡಾಗಿ ಮಾರುತ್ತದೆಂಬ ಸುದ್ದಿ ನೋಟಿಸ್ ಬೋರ್ಡಿಗೆ ಬರುವ ಎಷ್ಟೋ ಮೊದಲೇ ಕಿಟಕಿ ಮೇಜಿಗೆ ಬಂದಿತ್ತು. ಆ ಮೇಜಿನವರಿಗೆ ಒಬ್ಬೊಬ್ಬರಿಗೆ ಒಂದೊಂದು ವಿಭಾಗ ಅಗ್ಗದಲ್ಲಿ ಸಿಕ್ಕಿತು. ನಮ್ಮ ಮೇಜಿನವರಿಗೆ ಬಿಸಿ ಊಟ! ಈಗಲೂ ಇವರು ಅದನ್ನೇ ಹೇಳಿ ನನ್ನನ್ನು ಆಡಿಕೊಳ್ಳುತ್ತಾರೆ.

ಹೊಟ್ಟೆಕಿಚ್ಚಿನಿಂದ ಬರೆಯುತ್ತಿಲ್ಲ ಕಣೇ. ಸರಿ, ಸ್ವಲ್ಪ ಇದೆ. ಆದರೆ ಅದಕ್ಕಿಂತ ಹೆಚ್ಚಾಗಿ ನಿನ್ನನ್ನು ಕಂಡರೆ ಹೆಮ್ಮೆ. ಉಳಿದವರು ತಮ್ಮ ಪಾಲಿನ ಯಂತ್ರಗಳನ್ನು ಗುಜರಿಗೆ ಹಾಕಿ ಕಾರು ಕೊಂಡರು. ನೀನೊಬ್ಬಳು ಮಾತ್ರ, ಇದ್ದ ಒಂದು ಮನೆಯನ್ನೂ ಅಡವಿಟ್ಟು, ರಬ್ಬರ್ ಬೂಟು ಹಾಕಿಕೊಂಡು ಬಣ್ಣದ ತೊಟ್ಟಿಗಳ ಮಧ್ಯೆ ನಿಂತೆ. ಹಳಬರಲ್ಲಿ ಒಬ್ಬರನ್ನೂ ಮನೆಗೆ ಕಳಿಸಲಿಲ್ಲ. ಅಂಥ ಎದೆಗಾರಿಕೆ ನನಗಿಲ್ಲ. ನಮ್ಮ ಮೇಜಿನಲ್ಲೂ ಒಬ್ಬಿಬ್ಬರಿಗೆ ಇತ್ತು, ಆದರೆ ಅವರಿಗೆ ಸುದ್ದಿ ಸಿಗಲಿಲ್ಲ. ಅಷ್ಟೇ ವ್ಯತ್ಯಾಸ. ಅದು ಸಣ್ಣದಲ್ಲ ಎಂದು ನಿನಗೂ ಗೊತ್ತು.

ಈಗ ನಿನ್ನ ಕಾಗದದ ವಿಷಯ. "ಮಗಳನ್ನು ಕಳಿಸು, ಬಣ್ಣ ಕೂಡಿಸುವ ಕೋಣೆಗೆ ಮೇಲ್ವಿಚಾರಕಿ ಮಾಡ್ತೀನಿ, ಪರೀಕ್ಷೆ ಗಿರೀಕ್ಷೆ ಏನೂ ಬೇಡ" ಎಂದು ಬರೆದಿದ್ದೆಯಲ್ಲ, ಓದುತ್ತ ನನ್ನ ಕಣ್ಣು ತುಂಬಿ ಬಂತು. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಅವಳ ಕಾಲು ಬಾತುಕೊಳ್ಳುವುದು ನೋಡಲಾಗುವುದಿಲ್ಲ. ಅವಳು ಮಾತ್ರ ಕಾಗದ ಮಡಚಿಟ್ಟು ಹೇಳಿದಳು: "ಚಿಕ್ಕಮ್ಮಂಗೆ ನನ್ನ ಮೇಲೆ ಪ್ರೀತಿ, ಗೊತ್ತಮ್ಮ. ಆದ್ರೆ ಆ ಕೆಲಸಕ್ಕೆ ಇನ್ನೂ ಐದು ಜನ ಅರ್ಜಿ ಹಾಕಿದಾರೆ. ನಾನೂ ಹಾಕ್ತೀನಿ. ಅವರ ಜೊತೆ ನಿಂತು ಗೆದ್ರೆ ಹೋಗ್ತೀನಿ, ಸೋತ್ರೆ ಅಂಗಡೀಲೇ ಇರ್ತೀನಿ. ಪರೀಕ್ಷೆ ಮುಗಿಯೋವರೆಗೂ ನೀನು ಅವರಿಗೆ ಒಂದಕ್ಷರ ಬರೀಬಾರ್ದು."

ಇವರು ಹಣೆ ಚಚ್ಚಿಕೊಂಡರು. "ಅಲ್ಲಿ ಬಾಗಿಲು ತೆಗೆದಿಟ್ಟು ಕಾಯ್ತಿದಾರೆ, ಇವಳು ಗೋಡೆ ಹತ್ತಿ ಬರ್ತೀನಿ ಅಂತಾಳಲ್ಲ!"

ಆದರೂ ಮರುದಿನದಿಂದ ತಮ್ಮ ಬನಿಯನ್‌ಗಳನ್ನು ಅವಳ ಅಭ್ಯಾಸಕ್ಕೆ ಕೊಟ್ಟವರು ಅವರೇ. ಈಗ ಒಂದು ನಸುಗೆಂಪು, ಒಂದು ಕಡುನೀಲಿ, ಇನ್ನೊಂದಕ್ಕೆ ಹೆಸರೇ ಇಲ್ಲ. ಪರೀಕ್ಷೆ ನಮ್ಮ ಕಾಲದ್ದೇ ಅಲ್ಲವೇ? ಮಾದರಿ ಬಟ್ಟೆಯ ಚೂರು ಕೊಡುತ್ತಾರೆ, ಪುಡಿಗಳನ್ನು ಬೆರೆಸಿ ಅದೇ ಬಣ್ಣ ತರಬೇಕು. ದೀಪದ ಕೆಳಗೆ ನೋಡಿ ಮೋಸ ಹೋಗಬೇಡ, ಒಣಗಿದ ಮೇಲೆ ಹೊರಗಿನ ಬೆಳಕಿಗೆ ಹಿಡಿ ಎಂದು ಹೇಳಿಕೊಟ್ಟಿದ್ದೇನೆ. ಇಪ್ಪತ್ತೆರಡರ ಹುಡುಗಿ ಇಷ್ಟು ನೆಟ್ಟಗೆ ನಿಲ್ಲುವುದನ್ನು ಯಾರಿಂದ ಕಲಿತಳೋ! ನನ್ನಿಂದಂತೂ ಅಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳನ್ನು ನಾನೇ ಬೆರಗಾಗಿ ನೋಡುತ್ತಿದ್ದೇನೆ.

ಈ ಹೊತ್ತಿಗೆ ನಿನ್ನ ಕಾರ್ಖಾನೆಯಲ್ಲೇ ಪರೀಕ್ಷೆ ನಡೆಯುತ್ತಿದೆ. ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಅದು ಮುಗಿದಿರುತ್ತದೆ, ಇನ್ನು ಬರೆಯಬಹುದು ಎಂದು ಹೊರಡುವಾಗ ಅವಳೇ ಹೇಳಿದಳು. ಅರ್ಜಿಯಲ್ಲಿ ಯಾರ ಪರಿಚಯವನ್ನೂ ಬರೆದಿಲ್ಲ. ಸೋತರೂ ನೀನು ಬೇಜಾರು ಮಾಡಿಕೊಳ್ಳಬೇಡ. ಗೆದ್ದರೆ ಅವಳನ್ನು ಕರೆದು ಬೆನ್ನು ತಟ್ಟು. ನಿನ್ನ ಮನೆ ತಂಪಾಗಿರಲಿ, ನಿನ್ನ ಕೈ ಕೆಳಗಿನವರೆಲ್ಲ ನಗುನಗುತ್ತಿರಲಿ, ಆ ನಿನ್ನ ಬಾಯಿ ಯಾವತ್ತೂ ಸುಮ್ಮನಾಗದಿರಲಿ.

ನಿನ್ನ
ಮೊದ್ದು

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಮಗಳು ಬಂದಳು. ಬಣ್ಣ ಚೆನ್ನಾಗಿ ಕೂಡಿತಂತೆ. ಬೆಳಕಿಗೆ ಹಿಡಿದರೆ ಮಾದರಿ ಯಾವುದು, ತನ್ನದು ಯಾವುದು ಎಂದು ಅವಳಿಗೇ ತಿಳಿಯಲಿಲ್ಲವಂತೆ. ಪಕ್ಕದ ಎಡಗೈ ಹುಡುಗಿಯದೂ ಅಷ್ಟೇ ಚೆನ್ನಾಗಿತ್ತಂತೆ. ನಿಮ್ಮ ಮ್ಯಾನೇಜರು ಆರೂ ಚೂರುಗಳನ್ನು ತೆಗೆದುಕೊಂಡು, ಒಂದನ್ನೂ ನೋಡದೆ ಬಕೆಟ್ಟಿಗೆ ಹಾಕಿ, ನಗುತ್ತ ಎಲ್ಲರೆದುರಿಗೇ ಇವಳಿಗೆ ಹೇಳಿದರಂತೆ: "ನೀವ್ಯಾಕಮ್ಮ ಕಷ್ಟಪಟ್ರಿ? ಮೇಡಂ ನಿಮ್ಮ ಹೆಸರನ್ನ ಆಗಲೇ ಹೇಳಿಟ್ಟಿದಾರೆ. ಸೋಮವಾರದಿಂದ ಬನ್ನಿ."

ನನ್ನ ಉತ್ತರ ಬರುವ ಮೊದಲೇ ನೀನು ಹೇಳಿಬಿಟ್ಟಿದ್ದೆ. ಪ್ರೀತಿಯಿಂದಲೇ ಹೇಳಿದ್ದೀಯ, ಅದಕ್ಕೇ ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿಲ್ಲ. ಅವಳು ಕೈಯ ಬಣ್ಣವನ್ನೂ ತೊಳೆಯದೆ ಬಾಗಿಲಲ್ಲಿ ಕೂತು ಒಂದೇ ಮಾತು ಕೇಳುತ್ತಿದ್ದಾಳೆ: "ಅಮ್ಮಾ, ನಾನು ಗೆದ್ದೆನಾ?"

ಏನು ಹೇಳಲಿ ಗಿಣಿ, ನೀನೇ ಹೇಳು.